ಮೂರು ಚೀಟಿ, ಒಂದು ನೋವಿನ ಮಾತ್ರೆ

(ಸ್ತನ ಕ್ಯಾನ್ಸರ್ ಆಪರೇಷನ್ ಆದವರಿಗೆ ಮತ್ತು ಅವರ ಮನೆಯವರಿಗೆ ಒಬ್ಬ ಅರಿವಳಿಕೆ ವೈದ್ಯರು ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡಿ, ಹೆಸರು ಹಾಕಬೇಡಿ ಅಂತ ಮೊದಲೇ ಕೇಳಿಕೊಂಡಿದ್ದೆವು. ಹೆಸರು ಬೇಡ ಅಂದದ್ದು ಒಳ್ಳೆಯದಾಯಿತು, ಎಲ್ಲರೂ ಬಿಚ್ಚುಮನಸ್ಸಿನಿಂದ ಬರೆದಿದ್ದೀರಿ. ಅದರಲ್ಲಿ ಮೂರು ಚೀಟಿ ಎತ್ತಿಟ್ಟುಕೊಂಡಿದ್ದೇನೆ. ಒಂದನ್ನು ಕೊನೆಗೆ ಓದುತ್ತೇನೆ. ಉಳಿದ ಎರಡು ಇಲ್ಲಿವೆ.

ಒಂದರಲ್ಲಿ ಹೀಗಿದೆ: "ನೋವಿನ ಮಾತ್ರೆ ಜಾಸ್ತಿ ತಗೊಂಡರೆ ಗಾಯ ಮಾಗಲ್ಲ, ಕಾಯಿಲೆ ಮತ್ತೆ ಬರುತ್ತೆ ಅಂತಾರೆ. ನಿಜವಾ?" ಇನ್ನೊಂದರಲ್ಲಿ: "ಉರಿಯೂತ ಇಳಿಸೋ ಮಾತ್ರೆ ದಿನಾ ತಗೊಂಡರೆ ಕ್ಯಾನ್ಸರ್ ವಾಪಸ್ ಬರಲ್ಲವಂತೆ. ನನಗೂ ಬರೆದುಕೊಡ್ತೀರಾ?"

ಮಾತ್ರೆ ಒಂದೇ. ಒಬ್ಬರಿಗೆ ಅದು ವಿಷ, ಇನ್ನೊಬ್ಬರಿಗೆ ಸಂಜೀವಿನಿ. ಈ ಎರಡು ಚೀಟಿ ಬರೆದವರು ಅಕ್ಕಪಕ್ಕದಲ್ಲೇ ಕೂತಿದ್ದರೂ ಇರಬಹುದು. ಇವತ್ತಿನ ನನ್ನ ಮಾತೆಲ್ಲ ಈ ಎರಡು ಚೀಟಿಗಳ ನಡುವೆಯೇ ಓಡಾಡುತ್ತದೆ.

ಮೊದಲು ಒಂದು ಹಳೇ ಕಥೆ. ಜಪಾನಿನಲ್ಲಿ ಹನಾವೋಕ ಸೇಶು ಅಂತ ಒಬ್ಬ ವೈದ್ಯರಿದ್ದರು. 1804ರ ಅಕ್ಟೋಬರ್ 13ರಂದು ಅವರು ಕಾನ್ ಐಯ ಅನ್ನುವ 60 ವರ್ಷದ ಹೆಂಗಸಿನ ಸ್ತನದಿಂದ ಗಡ್ಡೆ ತೆಗೆದರು. ಅದಕ್ಕೂ ಮೊದಲು ಆಕೆಗೆ ಒಂದು ಕಷಾಯ ಕುಡಿಸಿದ್ದರು. ಅದರಲ್ಲಿ ದತ್ತೂರದ ಜಾತಿಯ ಗಿಡ ಇತ್ತು, ವತ್ಸನಾಭಿಯ ಜಾತಿಯ ಬೇರು ಇತ್ತು. ಎರಡೂ ವಿಷವೇ. ಲೆಕ್ಕ ತಪ್ಪಿದರೆ ಜೀವ ಹೋಗುತ್ತಿತ್ತು. ಹನಾವೋಕ ವರ್ಷಗಟ್ಟಲೆ ಕೂತು ಆ ಲೆಕ್ಕ ಹಿಡಿದಿದ್ದರು. ಆಕೆ ಪ್ರಜ್ಞೆ ತಪ್ಪಿ ಮಲಗಿದರು, ಆಪರೇಷನ್ ಮುಗಿದ ಮೇಲೆ ಎಚ್ಚರಾದರು. ಪೂರ್ತಿ ಮಂಪರು ಬರಿಸಿ ಮಾಡಿದ ಆಪರೇಷನ್ ಅಂತ ಸರಿಯಾದ ದಾಖಲೆ ಇರುವವುಗಳಲ್ಲಿ ಇದೇ ಮೊದಲನೆಯದು ಎನ್ನುತ್ತಾರೆ. ಅಮೆರಿಕದಲ್ಲಿ ಈಥರ್ ಅನ್ನುವ ಮಂಪರಿನ ಔಷಧಿಯನ್ನು ತೋರಿಸಿದ್ದು 1846ರಲ್ಲಿ, ಅಂದರೆ 42 ವರ್ಷ ತಡವಾಗಿ.

ಇದರ ನಡುವೆ, 1811ರಲ್ಲಿ, ಫ್ಯಾನಿ ಬರ್ನಿ ಎಂಬ ಇಂಗ್ಲಿಷ್ ಲೇಖಕಿಗೆ ಪ್ಯಾರಿಸ್‌ನಲ್ಲಿ ಸ್ತನ ತೆಗೆದರು. ಅರಿವಳಿಕೆ ಇಲ್ಲ. ಕುಡಿಯಲು ಒಂದಿಷ್ಟು ಮದ್ಯ ಕೊಟ್ಟರು, ಮುಖದ ಮೇಲೆ ತೆಳು ಬಟ್ಟೆ ಹಾಕಿದರು, ಅಷ್ಟೇ. ತಿಂಗಳುಗಟ್ಟಲೆ ಅದನ್ನು ನೆನೆಸಿಕೊಳ್ಳುವುದಕ್ಕೂ ಆಗಲಿಲ್ಲ ಅಂತ ಆಕೆ ಅಕ್ಕನಿಗೆ ಬರೆದ ಕಾಗದದಲ್ಲಿದೆ. ಆಮೇಲೆ ಸುಮಾರು 29 ವರ್ಷ ಬದುಕಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ನಮ್ಮ ಅರಿವಳಿಕೆ ವಿದ್ಯೆಯ ಮೊದಲ ಪುಟದಲ್ಲೇ ಸ್ತನದ ಆಪರೇಷನ್ ಇದೆ. ಆದರೂ ಈಗಲೂ ಎಷ್ಟೋ ಮಂದಿ ಹಲ್ಲು ಕಚ್ಚಿಕೊಂಡು ನೋವು ತಡೆದುಕೊಳ್ಳುತ್ತಾರೆ. "ಪರವಾಗಿಲ್ಲ ಡಾಕ್ಟ್ರೇ, ತಡ್ಕೋತೀನಿ." ಈ ಮಾತು ಕೇಳಿದರೆ ನನಗೆ ಕಸಿವಿಸಿ ಆಗುತ್ತದೆ. ತಡೆದುಕೊಂಡವರಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಬದಲಿಗೆ ಭುಜ ಹಿಡಿದುಕೊಳ್ಳುತ್ತದೆ.

ಹೇಗೆ ಅಂತೀರಾ? ನೋವಿದ್ದರೆ ಕೈ ಮೇಲೆತ್ತುವುದಿಲ್ಲ. ಎದೆಯ ಪಕ್ಕಕ್ಕೆ ಒತ್ತಿ ಹಿಡಿದುಕೊಳ್ಳುತ್ತೀರಿ. ಜೋರಾಗಿ ಉಸಿರು ಎಳೆದುಕೊಳ್ಳುವುದಿಲ್ಲ. ಕೆಮ್ಮು ಬಂದರೂ ತಡೆಯುತ್ತೀರಿ. ರಾತ್ರಿ ನಿದ್ದೆ ಇಲ್ಲ. ಎರಡು ವಾರ ಹೀಗೇ ಹೋದರೆ ಭುಜ ಮರಗಟ್ಟುತ್ತದೆ. ಮುಂದೆ ರೇಡಿಯೇಷನ್ ಕೊಡುವಾಗ ಕೈಯನ್ನು ತಲೆಯ ಮೇಲಿಟ್ಟು ಮಲಗಬೇಕು. ಭುಜ ಬಗ್ಗದಿದ್ದರೆ ಅದಕ್ಕೂ ತೊಂದರೆ. ಮೊದಲ ವಾರ ನುಂಗದ ಒಂದು ಮಾತ್ರೆ ಹೀಗೆ ಎರಡು ತಿಂಗಳು ಕಳೆದ ಮೇಲೂ ಕಾಡುತ್ತದೆ.

ಈಗ ಉರಿಯೂತಕ್ಕೆ ಬರೋಣ. ಈ ಪದ ಕೇಳಿದ ಕೂಡಲೇ ಎಲ್ಲರಿಗೂ ಗಾಬರಿ. ಎರಡು ಸಾವಿರ ವರ್ಷದ ಹಿಂದೆ ರೋಮ್‌ನ ಸೆಲ್ಸಸ್ ಅದರ ನಾಲ್ಕು ಗುರುತು ಬರೆದಿಟ್ಟ: ಕೆಂಪಾಗುವುದು, ಊದಿಕೊಳ್ಳುವುದು, ಬಿಸಿಯಾಗುವುದು, ನೋಯುವುದು. ಕೈಗೆ ಮುಳ್ಳು ಚುಚ್ಚಿದರೂ ಇದೇ, ಎದೆಯ ಮೇಲೆ ಹೊಲಿಗೆ ಬಿದ್ದರೂ ಇದೇ. ಗಾಯ ಆದ ಕಡೆ ರಕ್ತನಾಳ ಸ್ವಲ್ಪ ಸಡಿಲವಾಗುತ್ತದೆ. ನೀರಿನಂಥ ದ್ರವ ಹೊರಗೆ ಸೋರುತ್ತದೆ. ಬಿಳಿ ರಕ್ತಕಣಗಳು ಬಂದು ಸತ್ತ ಜೀವಕೋಶಗಳನ್ನು ಗುಡಿಸುತ್ತವೆ. ಹೊಸ ಅಂಗಾಂಶ ಕಟ್ಟುವ ಕೆಲಸ ಆಮೇಲೆ ಶುರು. ಅಂದರೆ ಉರಿಯೂತ ಇಲ್ಲದೆ ಗಾಯ ಮಾಗುವುದೇ ಇಲ್ಲ.

ಈ ಗದ್ದಲದಲ್ಲಿ ಪ್ರೊಸ್ಟಗ್ಲಾಂಡಿನ್ ಅನ್ನುವ ರಾಸಾಯನಿಕಗಳು ಹುಟ್ಟುತ್ತವೆ. ಅವು ನರದ ತುದಿಗಳನ್ನು ಕೆರಳಿಸಿ ಇಡುತ್ತವೆ. ಆಗ ಸುಮ್ನೆ ಬಟ್ಟೆ ತಾಗಿದರೂ ಚುರ್ ಅನ್ನುತ್ತದೆ. ಆಸ್ಪಿರಿನ್ ಮತ್ತು ಅದರ ಬಳಗದ ಮಾತ್ರೆಗಳು ಈ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಇದನ್ನು 1971ರಲ್ಲಿ ಕಂಡುಹಿಡಿದವರು ಜಾನ್ ವೇನ್. ಅದಕ್ಕಾಗಿ 1982ರಲ್ಲಿ ಅವರಿಗೆ ನೊಬೆಲ್ ಬಂತು.

ಮೊದಲ ಎರಡು ಮೂರು ದಿನ ಊತ, ನೋವು ಏರುತ್ತದೆ. ಆಮೇಲೆ ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಾ ಬಂದದ್ದು ನಾಲ್ಕೈದು ದಿನದ ನಂತರ ಮತ್ತೆ ಏರಿದರೆ, ಕೆಂಪು ಹರಡುತ್ತಾ ಹೋದರೆ, ಕೀವು ಬಂದರೆ, ಜ್ವರ ಬಂದರೆ ಅದು ಸೋಂಕು ಇರಬಹುದು. ಆಗ ಮಾತ್ರೆ ನುಂಗಿ ಮಲಗಬೇಡಿ, ಆಸ್ಪತ್ರೆಗೆ ಫೋನ್ ಮಾಡಿ. ಇನ್ನು ಗಾಯದ ನೀರು ಹೊರಹೋಗಲು ಹಾಕಿದ್ದ ಡ್ರೈನ್ ಪೈಪ್ ತೆಗೆದ ಮೇಲೆ ಕೆಲವರಿಗೆ ಚರ್ಮದ ಕೆಳಗೆ ನೀರು ತುಂಬಿ ಬುಳುಬುಳು ಅನ್ನುತ್ತದೆ. ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಇದು ತುಂಬಾ ಸಾಮಾನ್ಯ. ಸ್ವಲ್ಪ ಇದ್ದರೆ ತಾನೇ ಇಂಗುತ್ತದೆ. ಜಾಸ್ತಿ ಇದ್ದರೆ ಸೂಜಿಯಿಂದ ತೆಗೆಯುತ್ತಾರೆ. ಆ ಜಾಗ ಹೇಗೂ ಜೋಮು ಹಿಡಿದಿರುವುದರಿಂದ ಚುಚ್ಚಿದ್ದು ಅಷ್ಟಾಗಿ ತಿಳಿಯುವುದೂ ಇಲ್ಲ.

ನೋವು ಇಳಿಸುವ ಕೆಲಸವನ್ನು ನಾವು ಒಂದೇ ಔಷಧಿಯ ತಲೆಗೆ ಕಟ್ಟುವುದಿಲ್ಲ. ನಾಲ್ಕೈದನ್ನು ಸ್ವಲ್ಪ ಸ್ವಲ್ಪ ಸೇರಿಸುತ್ತೇವೆ. ಹಾಗೆ ಮಾಡಿದರೆ ಯಾವುದರ ಕಾಟವೂ ಜಾಸ್ತಿ ಆಗುವುದಿಲ್ಲ.

ಬುನಾದಿ ಪ್ಯಾರಾಸಿಟಮಾಲ್. ಇದನ್ನು ಕಂಡರೆ ಜನಕ್ಕೆ ಅಸಡ್ಡೆ. "ಅದು ಜ್ವರದ ಮಾತ್ರೆ ಅಲ್ವಾ?" ಅಂತಾರೆ. ಹೌದು, ಆದರೆ ಗಡಿಯಾರ ನೋಡಿಕೊಂಡು ಆರು ಗಂಟೆಗೊಮ್ಮೆ ತಗೊಂಡರೆ ಇದು ಮಾಡುವ ಕೆಲಸ ದೊಡ್ಡದು. ಸಾಮಾನ್ಯ ಮೈಕಟ್ಟಿನ, ಲಿವರ್ ಚೆನ್ನಾಗಿರುವ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ. ತೂಕ ಕಡಿಮೆ ಇದ್ದರೆ ಅದಕ್ಕಿಂತ ಕಡಿಮೆ. ಒಂದು ಎಚ್ಚರಿಕೆ: ಕೀಮೋ ನಡೆಯುತ್ತಿದ್ದರೆ ಪ್ಯಾರಾಸಿಟಮಾಲ್ ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. ಕೀಮೋ ಸಮಯದಲ್ಲಿ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಜ್ವರ ಅಂದರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕಾದ ವಿಷಯ. ಮಾತ್ರೆ ನುಂಗಿದರೆ ಆ ಜ್ವರ ಮುಚ್ಚಿಹೋಗುತ್ತದೆ.

ಅದರ ಜೊತೆಗೆ ಉರಿಯೂತ ಇಳಿಸುವ ಮಾತ್ರೆ. ಐಬುಪ್ರೊಫೇನ್, ಡೈಕ್ಲೊಫೆನಾಕ್, ಸೆಲೆಕಾಕ್ಸಿಬ್ ಇವೆಲ್ಲ ಒಂದೇ ಮನೆಯವು. ಒಂದು ಸಲಕ್ಕೆ ಒಂದೇ ಸಾಕು, ಎರಡನ್ನು ಸೇರಿಸಬಾರದು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇದ್ದವರು ಮೊದಲೇ ಹೇಳಿಬಿಡಿ. ಕೀಮೋದಿಂದ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿದಿದ್ದರೆ ಇವು ಬೇಡ. ಉಳಿದವರಿಗೆ ಕೆಲವು ದಿನದ ಮಟ್ಟಿಗೆ ಒಳ್ಳೆಯ ಮಾತ್ರೆಗಳು. ಅಷ್ಟು ದಿನದಲ್ಲಿ ಹೊಲಿಗೆ ಮಾಗುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿ ಆಗುವುದಿಲ್ಲ. ಮೊದಲ ಚೀಟಿಯ ಅರ್ಧ ಪ್ರಶ್ನೆಗೆ ಇದು ಉತ್ತರ.

ಆಪರೇಷನ್ ಟೇಬಲ್ ಮೇಲೆ ನಿಮಗೆ ಗೊತ್ತಾಗದ ಹಾಗೆ ಇನ್ನೆರಡು ಕೆಲಸ ನಡೆಯುತ್ತದೆ. ಒಂದು ಡೆಕ್ಸಾಮೆಥಾಸೋನ್ ಇಂಜೆಕ್ಷನ್. ಅದು ವಾಂತಿ ತಡೆಯುತ್ತದೆ, ನೋವನ್ನೂ ಒಂದಿಷ್ಟು ತಗ್ಗಿಸುತ್ತದೆ. ಇನ್ನೊಂದು ಬ್ಲಾಕ್. ಬೆನ್ನುಮೂಳೆಯ ಪಕ್ಕದಲ್ಲೋ ಎದೆಯ ಸ್ನಾಯುಗಳ ನಡುವೆಯೋ ಅಲ್ಟ್ರಾಸೌಂಡ್ ನೋಡಿಕೊಂಡು ಮರಗಟ್ಟಿಸುವ ಔಷಧಿ ಬಿಡುತ್ತೇವೆ. ಎದೆಗೆ ಬರುವ ನರಗಳು ಕೆಲವು ಗಂಟೆಗಳ ಕಾಲ ನಿದ್ದೆ ಹೋಗುತ್ತವೆ. ನನ್ನ ಕೇಳಿದರೆ ಇದು ನಮ್ಮ ಕೈಯಲ್ಲಿರುವ ಅತಿ ಚಂದದ ಉಪಾಯ. ಎಚ್ಚರವಾದಾಗ "ಆಪರೇಷನ್ ಆಯ್ತಾ, ಇನ್ನೂ ಇಲ್ವಾ?" ಅಂತ ಕೇಳಿದವರಿದ್ದಾರೆ. ಆದರೆ ಇದರಲ್ಲಿ ಒಂದು ಮೋಸ ಇದೆ. ಬ್ಲಾಕ್ ಇಳಿಯುವುದು ಸಾಮಾನ್ಯವಾಗಿ ರಾತ್ರಿಯಲ್ಲಿ ಅಥವಾ ಮಾರನೇ ದಿನ. ನೋವಿಲ್ಲ ಅಂತ ಸಂಜೆಯ ಮಾತ್ರೆ ಬಿಟ್ಟವರು ಬೆಳಗಿನ ಜಾವ ಮೂರಕ್ಕೆ ಎದ್ದು ಕೂರುತ್ತಾರೆ. ನೋವು ಬರುವ ಮೊದಲೇ ಮಾತ್ರೆ ಹೊಟ್ಟೆಯಲ್ಲಿರಬೇಕು.

ಇಷ್ಟಾದರೂ ನೋವು ಮೀರಿ ಬಂದರೆ ಟ್ರಮಡಾಲ್ ಅಥವಾ ಮಾರ್ಫಿನ್. ಮಾರ್ಫಿನ್ ಅಂದರೆ ಮನೆಯವರ ಮುಖ ಬಾಡುತ್ತದೆ. "ಅಷ್ಟೊಂದು ಕೈಮೀರಿದೆಯಾ?" ಅಂತ. ಹಾಗೇನಿಲ್ಲ. ಆಪರೇಷನ್ ಆದ ಮೇಲೆ ಎರಡು ಮೂರು ದಿನಕ್ಕೆ ಬೇಕಾದಷ್ಟೇ ಕೊಡುತ್ತಾರೆ. ಚಟ ಹತ್ತುವುದಕ್ಕಿಂತ ಮಲ ಕಟ್ಟುವುದು, ವಾಕರಿಕೆ, ತಲೆಸುತ್ತು ನಿಮ್ಮನ್ನು ಹೆಚ್ಚು ಕಾಡುತ್ತದೆ. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಕೂಡಿಡಬೇಡಿ.

ಔಷಧಿಯಲ್ಲದ ಸಣ್ಣಪುಟ್ಟ ಉಪಾಯಗಳೂ ಇವೆ. ಮಲಗುವಾಗ ತೋಳಿನ ಕೆಳಗೆ ಒಂದು ಮೆತ್ತನೆ ದಿಂಬು. ಮುಂದೆ ಗುಂಡಿ ಇರುವ ಸಡಿಲ ಬಟ್ಟೆ. ತಣ್ಣನೆ ಪ್ಯಾಕ್ ಇಡಬಹುದು, ಆದರೆ ಬಟ್ಟೆ ಸುತ್ತಿ, ಸ್ವಲ್ಪ ಹೊತ್ತು ಮಾತ್ರ. ಬಿಸಿನೀರಿನ ಚೀಲ ಬೇಡವೇ ಬೇಡ. ಇದನ್ನು ಎರಡೆರಡು ಸಲ ಹೇಳುತ್ತೇನೆ. ಎದೆಯ, ಕಂಕುಳಿನ ಚರ್ಮಕ್ಕೆ ಸ್ಪರ್ಶ ತಿಳಿಯುತ್ತಿರುವುದಿಲ್ಲ. ಬಿಸಿ ಎಷ್ಟಿದೆ ಅಂತ ಗೊತ್ತಾಗುವ ಹೊತ್ತಿಗೆ ಸುಟ್ಟು ಬೊಬ್ಬೆ ಎದ್ದಿರುತ್ತದೆ.

ವ್ಯಾಯಾಮ ಕೂಡ ನೋವಿನ ಔಷಧಿಯೇ. ಬೆರಳು, ಮೊಣಕೈ ಆಡಿಸುವುದನ್ನು ಮಾರನೇ ದಿನವೇ ಶುರು ಮಾಡಬಹುದು. ಭುಜವನ್ನು ಮೊದಲ ವಾರ ಹೆಗಲಿನ ಮಟ್ಟಕ್ಕಿಂತ ಮೇಲೆ ಎತ್ತಬೇಡಿ ಅಂತ ಸಾಮಾನ್ಯವಾಗಿ ಹೇಳುತ್ತೇವೆ. ಬ್ರಿಟನ್ನಿನ 17 ಆಸ್ಪತ್ರೆಗಳಲ್ಲಿ, ಭುಜ ಹಿಡಿಯುವ ಸಾಧ್ಯತೆ ಜಾಸ್ತಿ ಇದ್ದ 392 ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಆಪರೇಷನ್ ಆಗಿ 7ರಿಂದ 10 ದಿನಕ್ಕೆ ಫಿಸಿಯೊಥೆರಪಿಸ್ಟ್ ಹತ್ತಿರ ಕಲಿತು ವ್ಯಾಯಾಮ ಮಾಡಿದವರ ಕೈ, ಬರೀ ಕರಪತ್ರ ಓದಿದವರ ಕೈಗಿಂತ ಒಂದು ವರ್ಷದ ನಂತರ ಚೆನ್ನಾಗಿ ಆಡುತ್ತಿತ್ತು. ನೋವೂ ಕಡಿಮೆ ಇತ್ತು. ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ಮಾತ್ರೆ ತಗೊಳ್ಳಿ. ಇದು ದೊಡ್ಡ ಗುಟ್ಟೇನಲ್ಲ, ಆದರೂ ಯಾರೂ ಹೇಳುವುದಿಲ್ಲ.

ಈಗ ಎರಡನೇ ಚೀಟಿ. ಈ ಆಸೆ ಎಲ್ಲಿಂದ ಹುಟ್ಟಿತು ಅನ್ನುವ ಕಥೆ ಸ್ವಾರಸ್ಯವಾಗಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ಯಾನ್ಸರ್‌ಗೂ ಉರಿಯೂತಕ್ಕೂ ನಂಟಿದೆ ಅನ್ನುವ ಅನುಮಾನ 1863ರಷ್ಟು ಹಳೆಯದು, ಜರ್ಮನಿಯ ವಿರ್ಕೋ ಅವರದು. 1986ರಲ್ಲಿ ಹೆರಾಲ್ಡ್ ಡ್ವೊರಾಕ್ ಅನ್ನುವವರು ಗಡ್ಡೆ ಅಂದರೆ ಮಾಗದೇ ಇರುವ ಗಾಯ ಅಂದರು. ಹಾಗಾದರೆ ಆಪರೇಷನ್ ಅನ್ನುವ ದೊಡ್ಡ ಗಾಯ ಏನು ಮಾಡುತ್ತದೆ? 2018ರಲ್ಲಿ ಅಮೆರಿಕದ ರಾಬರ್ಟ್ ವೈನ್‌ಬರ್ಗ್ ಅವರ ಪ್ರಯೋಗಾಲಯದವರು ಇಲಿಗಳಲ್ಲಿ ಇದನ್ನು ನೋಡಿದರು. ಆ ಇಲಿಗಳ ಮೈಯಲ್ಲಿ ಕ್ಯಾನ್ಸರ್ ಕೋಶಗಳಿದ್ದವು, ಆದರೆ ರೋಗನಿರೋಧಕ ಶಕ್ತಿ ಅವನ್ನು ಹದ್ದುಬಸ್ತಿನಲ್ಲಿ ಇಟ್ಟಿತ್ತು. ದೂರದಲ್ಲಿ ಎಲ್ಲೋ ಒಂದು ಗಾಯ ಮಾಡಿದಾಗ ಮಲಗಿದ್ದ ಗಡ್ಡೆಗಳು ಎದ್ದು ಬೆಳೆದವು. ಮೆಲೋಕ್ಸಿಕಾಮ್ ಅನ್ನುವ ಉರಿಯೂತದ ಔಷಧಿ ಕೊಟ್ಟಾಗ ಆ ಬೆಳವಣಿಗೆ ತಗ್ಗಿತು.

ಇದನ್ನು ಕೇಳಿ ಯಾರೂ "ಹಾಗಾದ್ರೆ ಆಪರೇಷನ್ನೇ ಬೇಡ" ಅನ್ನಬೇಡಿ. ಕತ್ತಿ ತಾಗಿಸಿದರೆ ಹರಡುತ್ತದೆ ಅನ್ನುವ ಮಾತನ್ನು ನಂಬಿ ಗಡ್ಡೆ ಬೆಳೆಸಿಕೊಂಡು, ತಡವಾಗಿ ಬಂದವರನ್ನು ನೋಡಿದ್ದೇನೆ. ಗಡ್ಡೆ ಒಳಗೇ ಉಳಿದರೆ ಆಗುವ ಅಪಾಯದ ಮುಂದೆ ಆಪರೇಷನ್ನಿನ ಈ ಅಪಾಯ ಏನೇನೂ ಅಲ್ಲ.

ಇಲಿಗಳದ್ದು ಹಾಗಿರಲಿ, ಮನುಷ್ಯರಲ್ಲಿ? ಬೆಲ್ಜಿಯಂನಲ್ಲಿ ಪ್ಯಾಟ್ರಿಸ್ ಫೋರ್ಜೆ ಮತ್ತು ಸಂಗಡಿಗರು ಆಸ್ಪತ್ರೆಯ ಹಳೇ ಕಡತ ತಿರುವಿದರು. ಸ್ತನ ತೆಗೆಸಿಕೊಂಡ 327 ಹೆಂಗಸರ ಲೆಕ್ಕ ಅದು. ಆಪರೇಷನ್ ಸಮಯದಲ್ಲಿ ಕೆಟೊರೊಲಾಕ್ ಅನ್ನುವ ಉರಿಯೂತ ಇಳಿಸುವ ಔಷಧಿ ಸಿಕ್ಕವರಲ್ಲಿ ಕ್ಯಾನ್ಸರ್ ಮರಳಿದ್ದು ಕಡಿಮೆ ಅಂತ ಕಂಡಿತು. 2010ರಲ್ಲಿ ಇದು ಅಚ್ಚಾದಾಗ ನಾವೆಲ್ಲ ಕುಣಿದಾಡಿದೆವು. ಅಗ್ಗದ, ಹಳೇ, ಒಂದೇ ಇಂಜೆಕ್ಷನ್! ಆದರೆ ಹಳೇ ಕಡತಕ್ಕೆ ಒಂದು ದೋಷ ಇರುತ್ತದೆ. ಕಿಡ್ನಿ, ಹೃದಯ ಸರಿ ಇಲ್ಲದವರಿಗೆ ಈ ಔಷಧಿಯನ್ನು ಮೊದಲೇ ಕೊಡುವುದಿಲ್ಲ. ಹಾಗಿದ್ದಾಗ ಕೊಟ್ಟವರ ಗುಂಪು ಮೊದಲೇ ಗಟ್ಟಿಮುಟ್ಟಾಗಿರಬಹುದು, ಅಲ್ವಾ? ಫೋರ್ಜೆ ಅವರಿಗೂ ಇದು ಗೊತ್ತಿತ್ತು. ತಾವೇ ಮುಂದೆ ನಿಂತು ಚೀಟಿ ಎತ್ತಿದ ಹಾಗೆ ಗುಂಪು ಮಾಡಿ ಪರೀಕ್ಷಿಸಿದರು. 203 ಹೆಂಗಸರು. ಅರ್ಧ ಜನಕ್ಕೆ 30 ಮಿಲಿಗ್ರಾಂ ಕೆಟೊರೊಲಾಕ್, ಇನ್ನರ್ಧಕ್ಕೆ ಉಪ್ಪುನೀರು. ಎರಡು ವರ್ಷ ಕಾದರು. ಕೆಟೊರೊಲಾಕ್‌ನಿಂದ ಲಾಭ ಕಾಣಲಿಲ್ಲ. ತಮ್ಮ ಆಸೆಯನ್ನು ತಾವೇ ಪರೀಕ್ಷೆಗೆ ಒಡ್ಡಿ, ಸೋತದ್ದನ್ನು ಪ್ರಕಟಿಸಿದರಲ್ಲ, ಆ ಮನುಷ್ಯನ ಮೇಲೆ ನನಗೆ ಬಹಳ ಗೌರವ.

ಆಸೆ ಅಷ್ಟಕ್ಕೇ ಸಾಯಲಿಲ್ಲ. ಒಂದು ಇಂಜೆಕ್ಷನ್ ಸಾಲದೇನೋ, ವರ್ಷಗಟ್ಟಲೆ ಕೊಟ್ಟು ನೋಡೋಣ ಅಂದರು. ಸೆಲೆಕಾಕ್ಸಿಬ್ ಅನ್ನು ಎರಡು ವರ್ಷ ಕೊಟ್ಟ ಅಧ್ಯಯನದಲ್ಲಿ 2639 ಜನ ಇದ್ದರು. ಉಪಯೋಗ ಕಾಣಲಿಲ್ಲ. ದಿನಾ 300 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟ ಅಧ್ಯಯನದಲ್ಲಿ 3020 ಜನ. ಫಲ ಸಿಗುವ ಲಕ್ಷಣವೇ ಇಲ್ಲ ಅಂತ ನಡುವೆಯೇ ನಿಲ್ಲಿಸಿದರು, 2024ರಲ್ಲಿ ವರದಿ ಬಂತು. ಹಾಗಾಗಿ ಎರಡನೇ ಚೀಟಿ ಬರೆದವರಿಗೆ: ಇಲ್ಲ, ಬರೆದುಕೊಡುವುದಿಲ್ಲ. ಕ್ಯಾನ್ಸರ್ ತಡೆಯಲಿ ಅಂತ ದಿನಾ ಈ ಮಾತ್ರೆ ನುಂಗಿದರೆ ಸಿಗುವುದು ಹೊಟ್ಟೆಯುರಿ ಮಾತ್ರ.

ಅರಿವಳಿಕೆಯ ಬಗೆಯಿಂದ ವ್ಯತ್ಯಾಸ ಆಗುತ್ತದೆಯೇ ಅಂತಲೂ ನೋಡಿದ್ದಾರೆ. ಮಾರ್ಫಿನ್ ಜಾತಿಯ ಔಷಧಿ ರೋಗನಿರೋಧಕ ಕಣಗಳನ್ನು ಮಂಕು ಮಾಡುತ್ತದೆ, ಅದರ ಬದಲು ಬ್ಲಾಕ್ ಕೊಟ್ಟರೆ ಕ್ಯಾನ್ಸರ್ ಮರಳುವುದು ತಗ್ಗಬಹುದು ಅನ್ನುವ ಊಹೆ ಇತ್ತು. ಡೇನಿಯಲ್ ಸೆಸ್ಲರ್ ಮುಂದಾಳತ್ವದಲ್ಲಿ 8 ದೇಶಗಳ 13 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ಪರೀಕ್ಷೆ ಆಯಿತು. 2019ರಲ್ಲಿ ಉತ್ತರ ಬಂತು. ಎರಡೂ ಗುಂಪಿನಲ್ಲಿ ಕ್ಯಾನ್ಸರ್ ಮರಳಿದ್ದು ಸುಮಾರು ನೂರಕ್ಕೆ 10 ಜನರಲ್ಲಿ. ಸಮ. ನಾನು ಬ್ಲಾಕ್ ಹಾಕುವವನು, ನನಗೆ ಬೇಜಾರಾಯಿತು ಅಂತ ಒಪ್ಪಿಕೊಳ್ಳುತ್ತೇನೆ. ಆದರೆ ಮೊದಲ ಚೀಟಿ ಬರೆದವರು ಇದರ ಇನ್ನೊಂದು ಮುಖ ನೋಡಬೇಕು. ನೋವಿಗೆ ಮಾರ್ಫಿನ್ ಜಾತಿಯ ಔಷಧಿ ಪಡೆದವರಲ್ಲಿ ಕ್ಯಾನ್ಸರ್ ಜಾಸ್ತಿ ಮರಳಲಿಲ್ಲ. ನೋವಿಗೆ ಔಷಧಿ ತಗೊಂಡಿದ್ದಕ್ಕೆ ಕಾಯಿಲೆ ಬರುತ್ತದೆ ಅನ್ನುವ ಭಯಕ್ಕೆ ಇಲ್ಲಿ ಆಧಾರ ಸಿಗಲಿಲ್ಲ.

ಒಂದೇ ಒಂದು ಬಾಗಿಲು ಸ್ವಲ್ಪ ತೆರೆದಿದೆ. ಭಾರತದ 11 ಕೇಂದ್ರಗಳಲ್ಲಿ, ಟಾಟಾ ಮೆಮೋರಿಯಲ್‌ನ ರಾಜೇಂದ್ರ ಬಡ್ವೆ ಅವರ ಮುಂದಾಳತ್ವದಲ್ಲಿ ನಡೆದ ಕೆಲಸ ಅದು, 2023ರಲ್ಲಿ ಪ್ರಕಟವಾಯಿತು. ಗಡ್ಡೆ ತೆಗೆಯುವ 7ರಿಂದ 10 ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಒಸಡಿಗೆ ಹಾಕುತ್ತಾರಲ್ಲ, ಅದೇ ಔಷಧಿ. 1583 ಹೆಂಗಸರ ಲೆಕ್ಕದಲ್ಲಿ, ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿದ ಗುಂಪಿನಲ್ಲಿ ನೂರಕ್ಕೆ 90.1, ಚುಚ್ಚದ ಗುಂಪಿನಲ್ಲಿ 86.4. ಸಣ್ಣ ಅಂತರವಲ್ಲ. ಆದರೆ ಇದನ್ನು ಮಾಡಿದ್ದು ನೋವಿಗೆ ಅಲ್ಲ, ಉರಿಯೂತಕ್ಕೂ ಅಲ್ಲ. ಗಡ್ಡೆಯನ್ನು ಮುಟ್ಟಿ ಅಲುಗಾಡಿಸುವಾಗ ಅದರ ಕೋಶಗಳು ಚುರುಕಾಗಿ ಚದುರದಿರಲಿ ಅಂತ. ಬೇರೆಯವರೂ ಮಾಡಿ ಇದೇ ಫಲಿತಾಂಶ ಕಂಡರೆ ನಂಬಿಕೆ ಗಟ್ಟಿಯಾಗುತ್ತದೆ. ಆಪರೇಷನ್ ಇನ್ನೂ ಆಗದವರು ನಿಮ್ಮ ಸರ್ಜನ್ ಹತ್ತಿರ ಕೇಳಿ ನೋಡಬಹುದು. ಆಗಿಹೋದವರು ಅದಕ್ಕಾಗಿ ಕೊರಗಬೇಕಾಗಿಲ್ಲ.

ಇನ್ನು ಹೋಗದೇ ಉಳಿಯುವ ನೋವು. ಡೆನ್ಮಾರ್ಕ್‌ನಲ್ಲಿ ಆಪರೇಷನ್ ಆಗಿ ಎರಡು ಮೂರು ವರ್ಷ ಕಳೆದ ಮೂರು ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಕೇಳಿದಾಗ ನೂರರಲ್ಲಿ 47 ಜನ ಇನ್ನೂ ನೋವಿದೆ ಅಂದರು. ಅದರಲ್ಲಿ ಸುಮಾರು ಅರ್ಧ ಜನಕ್ಕೆ ಇದ್ದದ್ದು ಸಣ್ಣ ನೋವು. ಚಿಕ್ಕ ವಯಸ್ಸಿನವರಿಗೆ, ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಸಿಕೊಂಡವರಿಗೆ, ರೇಡಿಯೇಷನ್ ಆದವರಿಗೆ ಜಾಸ್ತಿ. ಕಂಕುಳನ್ನು ದಾಟಿ ತೋಳಿನ ಒಳಬದಿಗೆ ಹೋಗುವ ಒಂದು ತೆಳು ನರ ಇದೆ. ಆಪರೇಷನ್‌ನಲ್ಲಿ ಅದು ಎಳೆದುಹೋಗುವುದು, ಕತ್ತರಿಸಿಹೋಗುವುದು ಉಂಟು. ಆಮೇಲೆ ತೋಳು ಉರಿಯುತ್ತದೆ, ಚುಳ್ ಚುಳ್ ಅನ್ನುತ್ತದೆ, ಜೋಮು ಹಿಡಿಯುತ್ತದೆ. ಇದು ಉರಿಯೂತದ ನೋವಲ್ಲ, ನರದ ನೋವು. ಇದಕ್ಕೆ ಡೈಕ್ಲೊಫೆನಾಕ್ ಡಬ್ಬಿಗಟ್ಟಲೆ ತಿಂದರೂ ಅಷ್ಟಕ್ಕಷ್ಟೇ. ಅಮಿಟ್ರಿಪ್ಟಿಲಿನ್, ಗ್ಯಾಬಪೆಂಟಿನ್ ಥರದವು ಬೇಕು. ಇಲ್ಲೊಂದು ಸೂಕ್ಷ್ಮ: ಡುಲೊಕ್ಸೆಟಿನ್ ಕೂಡ ನರದ ನೋವಿಗೆ ಒಳ್ಳೆಯದೇ, ಆದರೆ ಕ್ಯಾನ್ಸರ್ ಮರಳದಿರಲಿ ಅಂತ ಕೊಡುವ, ಹಾರ್ಮೋನ್ ತಡೆಯುವ ಟಮಾಕ್ಸಿಫೆನ್ ಮಾತ್ರೆ ದೇಹದಲ್ಲಿ ಸರಿಯಾಗಿ ಕೆಲಸ ಮಾಡಲು ಬೇಕಾದ ಕಿಣ್ವವನ್ನು ಅದು ತಡೆಯುತ್ತದೆ. ಟಮಾಕ್ಸಿಫೆನ್ ತಗೊಳ್ಳುವವರು ನೋವಿನ ಡಾಕ್ಟರ ಹತ್ತಿರ ಅದನ್ನು ಮೊದಲ ಮಾತಿನಲ್ಲೇ ಹೇಳಿ. ಡುಲೊಕ್ಸೆಟಿನ್ ಬಳಗದ್ದೇ ಆದ ವೆನ್ಲಾಫ್ಯಾಕ್ಸಿನ್‌ನಿಂದ ಈ ತೊಡಕು ತೀರಾ ಕಡಿಮೆ.

ಕೆಲವರಿಗೆ ಕಂಕುಳಿನಿಂದ ಮೊಣಕೈವರೆಗೆ ಚರ್ಮದ ಕೆಳಗೆ ತಂತಿ ಎಳೆದ ಹಾಗೆ ಬಿಗಿಯುತ್ತದೆ. ಕೈ ಎತ್ತಿದರೆ ಕಣ್ಣಿಗೂ ಕಾಣುತ್ತದೆ. ಇದೂ ಕ್ಯಾನ್ಸರ್ ಅಲ್ಲ. ಮೆಲ್ಲಗೆ ಎಳೆಯುವ ವ್ಯಾಯಾಮ ಮಾಡುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸಡಿಲವಾಗುತ್ತದೆ. ಆದರೆ ತೋಳೇ ಊದಿಕೊಂಡು ಭಾರವಾದರೆ, ಅಥವಾ ಇಳಿದಿದ್ದ ನೋವು ಹೊಸದಾಗಿ ಶುರುವಾಗಿ ವಾರಗಟ್ಟಲೆ ನಿಲ್ಲದಿದ್ದರೆ ತೋರಿಸಿ.

ಈಗ ಮೂರನೇ ಚೀಟಿ. ಅಕ್ಷರ ತೀರಾ ಸಣ್ಣದಾಗಿದೆ. "ತೆಗೆದುಹಾಕಿದ ಸ್ತನದಲ್ಲಿ ತುರಿಕೆ ಆಗುತ್ತೆ. ಕೆರೆಯೋಕೆ ಹೋದರೆ ಅಲ್ಲಿ ಏನೂ ಇಲ್ಲ. ಹುಚ್ಚು ಅಂದುಕೊಳ್ಳುತ್ತಾರೆ ಅಂತ ಯಾರಿಗೂ ಹೇಳಿಲ್ಲ."

ಅಮ್ಮಾ, ಯಾರು ನೀವೋ ಗೊತ್ತಿಲ್ಲ. ನಿಮ್ಮ ಮಿದುಳಿನಲ್ಲಿ ಆ ಸ್ತನಕ್ಕೆ ಮೀಸಲಾದ ಜಾಗ ಇನ್ನೂ ಹಾಗೇ ಇದೆ. ಕತ್ತರಿಸಿದ ನರದ ತುದಿಯಿಂದ ಏನೇ ಸುದ್ದಿ ಹೋದರೂ ಮಿದುಳು ಹಳೇ ವಿಳಾಸಕ್ಕೇ ಬರೆದುಕೊಳ್ಳುತ್ತದೆ. ಕೆಲವರಿಗೆ ತುರಿಕೆ, ಕೆಲವರಿಗೆ ಮೊಲೆತೊಟ್ಟು ಹಿಂಡಿದ ಹಾಗೆ, ಕೆಲವರಿಗೆ ಬರೀ ಭಾರ. ಇದು ಅಪರೂಪವೇನಲ್ಲ, ಹೇಳಿಕೊಳ್ಳುವವರು ಅಪರೂಪ. ಹೊಲಿಗೆ ಪೂರ್ತಿ ಮಾಗಿದ್ದರೆ ಆ ಜಾಗದ ಚರ್ಮವನ್ನು ಅಂಗೈಯಿಂದ ಮೆತ್ತಗೆ ಸವರಿ, ಬೇರೆ ಬೇರೆ ಬಟ್ಟೆ ತಾಗಿಸಿ. ಕೆಲವರಿಗೆ ಅಷ್ಟರಲ್ಲೇ ತಗ್ಗುತ್ತದೆ. ನಿದ್ದೆ ಕೆಡಿಸುವಷ್ಟಿದ್ದರೆ ನರದ ನೋವಿನ ಮಾತ್ರೆಗಳನ್ನೇ ಕೊಡುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ನಾನು ಈ ಪಕ್ಕದ ಕೋಣೆಯಲ್ಲಿ ಕೂತಿರುತ್ತೇನೆ. ಚೀಟಿ ನಿಮ್ಮದು ಅಂತ ಹೇಳಬೇಕಾಗಿಲ್ಲ, ಸುಮ್ನೆ ಬಂದು ಕೂತರೂ ಆಯಿತು.